ಶನಿವಾರ ಅವ್ವ ಫೋನಿಗೆ ಸಿಗೋದಿಲ್ಲ

ನನ್ನ ಲ್ಯಾಪ್‌ಟಾಪಿನಲ್ಲಿ ಒಂದು ಶೀಟ್ ಇದೆ. ಡಿಲೀಟ್ ಮಾಡೋಕೆ ಮನಸ್ಸು ಬಂದಿಲ್ಲ. ಹೆಸರು ‘ಊರು ವಾಕಿಂಗ್ ಫೈನಲ್ 2’. ಎಡಗಡೆ ಹನ್ನೊಂದು ಹೆಂಗಸರ ಹೆಸರು, ಮೇಲುಗಡೆ ತಾರೀಖು, ಖಾನೆಗಳಲ್ಲಿ ಆ ದಿನದ ಹೆಜ್ಜೆಗಳ ಲೆಕ್ಕ. ಮೊದಲ ದಿನ ಒಂಬತ್ತು ಖಾನೆ ತುಂಬಿವೆ. ನಾಲ್ಕನೇ ದಿನ ಎರಡು. ಎಂಟನೇ ದಿನದಿಂದ ಬರೀ ಸೊನ್ನೆ. ಪಟ್ಟಿಯ ಮೊದಲ ಹೆಸರು ನಮ್ಮವ್ವನದು. ಅವಳು ಮೂರನೇ ದಿನಕ್ಕೇ ನಿಲ್ಲಿಸಿದ್ದಳು.

ಹೋದ ವರ್ಷ ಯುಗಾದಿಗೆ ಊರಿಗೆ ಹೋದಾಗ ಅವ್ವನ ರಕ್ತ ಪರೀಕ್ಷೆ ಮಾಡಿಸಿದ್ದೆ. ಮೂರು ತಿಂಗಳ ಶುಗರ್ ಸರಾಸರಿ ಹೇಳುವ ಎಚ್‌ಬಿಎ1ಸಿ 9.1 ಬಂತು. ಡಾಕ್ಟರ್ ಗುಳಿಗೆ ಬದಲಿಸಿ, ‘ದಿನಾ ಅರ್ಧ ತಾಸು ಅಡ್ಡಾಡ್ರಿ’ ಅಂದರು. ಅವ್ವ ತಲೆ ಆಡಿಸಿದಳು. ಅವಳು ತಲೆ ಆಡಿಸಿದರೆ ‘ಆಯ್ತು’ ಅಂತಲ್ಲ, ‘ಮಾತು ಮುಗೀತು, ಹೋಗೋಣ’ ಅಂತ ಅರ್ಥ. ನನಗೆ ಗೊತ್ತಿತ್ತು. ಆದರೂ ಬೆಂಗಳೂರಿಗೆ ವಾಪಸ್ ಬಂದವಳೇ ಒಂದು ಪ್ಲಾನ್ ರೆಡಿ ಮಾಡಿದೆ. ವಾಟ್ಸ್‌ಆ್ಯಪ್ ಗ್ರೂಪ್, ಬೆಳಿಗ್ಗೆ ಆರಕ್ಕೆ ಅಲಾರಂ, ಎರಡು ಯೂಟ್ಯೂಬ್ ವಿಡಿಯೋ, ಹೆಜ್ಜೆ ಎಣಿಸುವ ಆ್ಯಪ್. ಅವ್ವನ ಜೊತೆ ಓಣಿಯ ಇನ್ನೂ ಹತ್ತು ಜನ. ಎಲ್ಲರೂ ಐವತ್ತು ದಾಟಿದವರು. ಅರ್ಧಕ್ಕೆ ಅರ್ಧ ಜನಕ್ಕೆ ಬಿಪಿ ಅಥವಾ ಶುಗರ್, ಉಳಿದವರಿಗೆ ಮೊಣಕಾಲು.

ಆಫೀಸಿನಲ್ಲಿ ಯಾವ ಫೀಚರ್ ಮಾಡಿದರೂ ಮೊದಲು ಬಳಸುವವರ ಜೊತೆ ಕೂತು ಮಾತಾಡ್ತೀವಿ. ಅವರು ಏನು ಹೇಳ್ತಾರೆ, ಎಲ್ಲಿ ತಡವರಿಸ್ತಾರೆ ಅಂತ ಬರಕೊಳ್ತೀವಿ. ಅದಕ್ಕೇ ಸಂಬಳ ಕೊಡೋದು. ನಮ್ಮವ್ವನ ವಿಷಯದಲ್ಲಿ ಮಾತ್ರ ನನಗೆ ಎಲ್ಲಾ ಗೊತ್ತು ಅಂದುಕೊಂಡಿದ್ದೆ.

ನಮ್ಮೂರು ರೋಣ ತಾಲ್ಲೂಕಿನಲ್ಲಿ ಮಲಪ್ರಭೆಯ ದಂಡೆಯ ಮೇಲೆ ಇದೆ, ಹೊಳೆಆಲೂರಿನಿಂದ ಬಹಳ ದೂರ ಇಲ್ಲ. ‘ಇದೆ’ ಅನ್ನಬೇಕೋ ‘ಇತ್ತು’ ಅನ್ನಬೇಕೋ ನನಗೆ ಈಗಲೂ ಗೊಂದಲ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳು ಉತ್ತರ ಕರ್ನಾಟಕದವರಿಗೆ ನೆನಪಿರುತ್ತವೆ. ಆ ಮಳೆ, ನೆರೆಗೆ ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ನಾನು ಆಗ ಒಂಬತ್ತನೇ ಕ್ಲಾಸ್. ರಾತ್ರಿ ಎಮ್ಮೆ ಹಗ್ಗ ಬಿಚ್ಚಿ, ಅಜ್ಜಿಯನ್ನು ಅಪ್ಪ ಹೆಗಲ ಮೇಲೆ ಹೊತ್ತುಕೊಂಡು, ಎತ್ತರದಲ್ಲಿದ್ದ ಶಾಲೆಗೆ ಹೋದೆವು. ಆಮೇಲೆ ಪರಿಹಾರ ಕೇಂದ್ರ, ಆಮೇಲೆ ಎರಡು ತಿಂಗಳು ಗಜೇಂದ್ರಗಡದಲ್ಲಿ ಸೋದರಮಾವನ ಮನೆ. ಮಾವ ಕೈಮಗ್ಗದ ನೇಕಾರ. ಒಂದು ಮಗ್ಗ, ಒಂದು ಅಡುಗೆಮನೆ, ಹನ್ನೊಂದು ಜನ. ಮಗ್ಗದ ಸದ್ದಿನಲ್ಲೇ ನಾನು ಅರ್ಧವಾರ್ಷಿಕ ಪರೀಕ್ಷೆಗೆ ಓದಿದ್ದು.

ಆಮೇಲೆ ‘ಆಸರೆ’ ಅನ್ನೋ ಯೋಜನೆಯಲ್ಲಿ ಬಾಗಲಕೋಟೆ, ಗದಗ, ವಿಜಯಪುರ, ರಾಯಚೂರು ಅಂತ ಎಷ್ಟೋ ಕಡೆ ನೆರೆ ಬಂದ ಊರುಗಳ ಜನರಿಗೆ ಎತ್ತರದ ಜಾಗದಲ್ಲಿ ಹೊಸ ಮನೆಗಳಾದವು. ನವಗ್ರಾಮ ಅಂತ ಕರೆದರು. ಕೆಲವರು ಹೋದರು. ಕೆಲವರು ಹೊಲ ದೂರ, ದನ ಕಟ್ಟೋಕೆ ಜಾಗ ಇಲ್ಲ ಅಂತ ಹಳೇ ಊರಲ್ಲೇ ಉಳಿದರು. 2019ರ ಆಗಸ್ಟ್‌ನಲ್ಲಿ ನವಿಲುತೀರ್ಥದಿಂದ ನೀರು ಬಿಟ್ಟಾಗ ಮತ್ತೆ ಅದೇ ಕಥೆ. ನರಗುಂದ ತಾಲ್ಲೂಕಿನ ಕೊಣ್ಣೂರಿನಲ್ಲಿ ಹೊಳೆ ಹೆದ್ದಾರಿಯ ಮೇಲೇ ಬಂತು, ಹುಬ್ಬಳ್ಳಿ–ವಿಜಯಪುರ ಬಸ್ಸುಗಳು ನಿಂತವು. ಕೊಣ್ಣೂರಿನಲ್ಲಿ ನಮ್ಮ ಚಿಕ್ಕಮ್ಮ ಇದ್ದಾಳೆ. ಆ ವಾರ ನಾನು ಬೆಂಗಳೂರಿನ ಮೀಟಿಂಗ್ ರೂಮಿನಲ್ಲಿ ಕೂತು ಟೇಬಲ್ ಕೆಳಗೆ ಫೋನ್ ಹಿಡಿದು ನೀರಿನ ವಿಡಿಯೋ ನೋಡ್ತಿದ್ದೆ. ಆ ನೆರೆ ಆದ ಮೇಲೆ ನಮ್ಮಪ್ಪ ಅವ್ವ ಹೊಸ ಊರಿಗೆ ಪೂರ್ತಿ ಬಂದುಬಿಟ್ಟರು. ಹಳೇ ಊರಿಗೂ ಹೊಸದಕ್ಕೂ ಎರಡೂವರೆ ಕಿಲೋಮೀಟರ್.

ಇಷ್ಟು ಹಿನ್ನೆಲೆ ಯಾಕೆ ಅಂದರೆ, ನನ್ನ ಶೀಟಿನಲ್ಲಿ ಇದು ಯಾವುದೂ ಇರಲಿಲ್ಲ. ‘ಎಷ್ಟು ವಯಸ್ಸು, ಎಷ್ಟು ತೂಕ, ಎಷ್ಟು ಹೆಜ್ಜೆ’ ಅಷ್ಟೇ.

ಸೊನ್ನೆ ನೋಡಿ ಸಿಟ್ಟು ಬಂತು. ಮೇ ತಿಂಗಳಲ್ಲಿ ಹದಿನೈದು ದಿನ ಊರಿನಿಂದಲೇ ಕೆಲಸ ಮಾಡ್ತೀನಿ ಅಂತ ಹೇಳಿ ಹೋದೆ. ಬೆಳಿಗ್ಗೆ ಸಮುದಾಯ ಭವನದ ಮುಂದೆ ಎಲ್ಲರನ್ನೂ ಕರೆದೆ. ಶಾಲೆಯ ಪಿಟಿ ನೆನಪು ಮಾಡಿಕೊಂಡು ಒಂದು ಸೀಟಿ ಕೂಡ ತಂದಿದ್ದೆ. ‘ಎಲ್ಲಾರೂ ಸಾಲಾಗಿ ನಿಂದರ್ರಿ’ ಅಂದು ಸೀಟಿ ಊದಿದೆ. ಏಳು ಜನ ಬಂದಿದ್ದರು. ಅವರಲ್ಲಿ ಒಬ್ಬಾಕೆ, ಅವ್ವನಿಗಿಂತ ಸ್ವಲ್ಪ ದೊಡ್ಡವರು, ಸೆರಗು ಬಾಯಿಗೆ ಇಟ್ಟುಕೊಂಡು ಸೀದಾ ಮನೆಗೆ ಹೋದರು. ಉಳಿದವರೂ ಒಬ್ಬೊಬ್ಬರೇ ‘ಒಲಿ ಮ್ಯಾಲೆ ಹಾಲು ಇಟ್ಟೀನಿ’ ಅಂತ ಜಾರಿಕೊಂಡರು.

ಅವತ್ತು ರಾತ್ರಿ ಅವ್ವ ರೊಟ್ಟಿ ಬಡಿಯುತ್ತಾ ಹೇಳಿದಳು, ‘ಸಾಲಾಗಿ ನಿಂದರ್ರಿ ಅನಬ್ಯಾಡ ನೀ. ಗಂಜಿ ಕೇಂದ್ರದಾಗ ಹಂಗ ಅಂತಿದ್ರು. ತಾಟ್ ಹಿಡಕೊಂಡು ಸಾಲಾಗಿ ನಿಂದರೂದು, ಸೀಟಿ ಹೊಡದಾಗ ಮುಂದ ಹೋಗೂದು. ಮನಿಯಾಗ ಹತ್ತ್ ಚೀಲ ಜ್ವಾಳ ಇದ್ದ ಮಂದಿ ನಾವು.’

ಅಷ್ಟು ಹೇಳಿ ರೊಟ್ಟಿ ತಿರುವಿ ಹಾಕಿದಳು. ಹೆಜ್ಜೆ ಎಣಿಸೋದರ ಬಗ್ಗೆಯೂ ಅವಳಿಗೆ ಅದೇ ತಕರಾರು. ನೆರೆ ಆದ ಮೇಲೆ ತಿಂಗಳುಗಟ್ಟಲೆ ಯಾರ್‍ಯಾರೋ ಬಂದು ಎಣಿಸಿದ್ದರು. ಮನೆಗೆ ಎಷ್ಟು ಜನ, ಎಷ್ಟು ಗೋಡೆ ಬಿದ್ದಿದೆ, ಎಷ್ಟು ಪಾತ್ರೆ ಹೋಗಿದೆ. ಪಟ್ಟಿಯಲ್ಲಿ ಹೆಸರು ಇದ್ದವರಿಗೆ ಒಂದು, ಇಲ್ಲದವರಿಗೆ ಇನ್ನೊಂದು. ಈಗ ಮಗಳು ಬಂದು ಇನ್ನೊಂದು ಪಟ್ಟಿ ಶುರು ಮಾಡಿದ್ದಾಳೆ.

ನಾನು ಆ ಶಿಬಿರದಲ್ಲಿ ಅವಳ ಜೊತೆಗೇ ಇದ್ದೆ, ಆ ಸೀಟಿ ನಾನೂ ಕೇಳಿರಬೇಕು. ಮರೆತಿದ್ದೆ. ಹದಿನಾಲ್ಕು ವರ್ಷದ ಹುಡುಗಿಗೆ ಅನ್ನ ಸಿಕ್ಕಿದರೆ ಸಾಕಾಗಿತ್ತು, ಐವತ್ತು ಜನಕ್ಕೆ ಮದುವೆ ಊಟ ಬಡಿಸಿದ ಕೈಗೆ ಹಾಗಲ್ಲ.

ಆಮೇಲೆ ನಾನು ಸ್ವಲ್ಪ ಓದೋಕೆ ಶುರು ಮಾಡಿದೆ. ನಿರಾಶ್ರಿತರು, ವ್ಯಾಯಾಮ ಅಂತ ಹುಡುಕಿದರೆ ಮೊದಲು ಸಿಗೋದು ಒಲಿಂಪಿಕ್ಸ್ ನಿರಾಶ್ರಿತರ ತಂಡ. 2016ರ ರಿಯೊದಲ್ಲಿ ಹತ್ತು ಜನರಿಂದ ಶುರುವಾಗಿ 2024ರ ಪ್ಯಾರಿಸ್‌ಗೆ 37 ಜನ ಆದರು, ಬಾಕ್ಸರ್ ಸಿಂಡಿ ಎನ್‌ಗಾಂಬಾ ಕಂಚು ಗೆದ್ದು ಆ ತಂಡಕ್ಕೆ ಮೊದಲ ಪದಕ ತಂದರು. ಚೆನ್ನಾಗಿದೆ, ಆದರೆ ಮೊಣಕಾಲು ನೋವಿನ ನಮ್ಮ ಕಾಕುಗಳಿಗೆ ಅದರಿಂದ ಏನೂ ಸಿಗಲ್ಲ. ನನಗೆ ಬೇಕಾಗಿದ್ದು ಸಿಕ್ಕಿದ್ದು ಬೇರೆ ಕಡೆ. ಸಿಡ್ನಿಯಲ್ಲಿ ‘ಸ್ಟಾರ್ಟ್ಸ್’ ಅನ್ನೋ ಸಂಸ್ಥೆ 1988ರಿಂದ ಚಿತ್ರಹಿಂಸೆ, ಯುದ್ಧ ದಾಟಿ ಬಂದ ನಿರಾಶ್ರಿತರ ಜೊತೆ ಕೆಲಸ ಮಾಡುತ್ತಿದೆ. ಅಂಥವರ ಜೊತೆ ವ್ಯಾಯಾಮದ ಕೆಲಸ ಮಾಡುವವರು ಒಂದು ಸರಳ ವಿಷಯ ಹೇಳುತ್ತಾರೆ. ಜೋರಾಗಿ ನಡೆದಾಗ ಎದೆ ಹೊಡೆದುಕೊಳ್ಳುತ್ತೆ, ಬೆವರು ಬರುತ್ತೆ, ಉಸಿರು ಮೇಲೆ ಕೆಳಗೆ ಆಗುತ್ತೆ. ಗಾಬರಿಯಾದಾಗಲೂ ಇದೇ ಆಗೋದು. ಜೀವ ಹಿಡಿದು ಓಡಿದ ದೇಹ ಎರಡನ್ನೂ ಒಂದೇ ಅಂದುಕೊಳ್ಳಬಹುದು. ಹಾಗಾಗಿ ನಿಧಾನಕ್ಕೆ ಶುರು ಮಾಡಬೇಕು, ಏನಾಗುತ್ತೆ ಅಂತ ಮೊದಲೇ ಹೇಳಬೇಕು, ಆಜ್ಞೆ ಮಾಡುವ ದನಿ ಬೇಡ, ಯಾವಾಗ ಬೇಕಾದರೂ ನಿಲ್ಲಿಸುವ ಹಕ್ಕು ಅವರ ಕೈಯಲ್ಲೇ ಇರಬೇಕು. ಏನು ಮಾಡಬೇಕು ಅನ್ನೋದನ್ನು ಅವರ ಜೊತೆ ಕೂತೇ ಠರಾಯಿಸಬೇಕು. ಸೀಟಿ ತಂದ ನನಗೆ ಇದನ್ನು ಓದುವಾಗ ಕಿವಿ ಬಿಸಿಯಾಯ್ತು.

ಇಲ್ಲಿ ಒಂದು ಮಾತು. ನಮ್ಮ ಕಡೆ ನೆರೆ ಬಂದಾಗಲೂ ‘ನಿರಾಶ್ರಿತರು’ ಅಂತಾರೆ, ಟಿಬೆಟ್‌ನಿಂದ ಬಂದವರಿಗೂ ಅದೇ ಪದ. ಆದರೆ ಎರಡೂ ಒಂದಲ್ಲ. 1951ರ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಜನಾಂಗ, ಧರ್ಮ, ರಾಜಕೀಯ ಅಭಿಪ್ರಾಯ ಇಂಥ ಕಾರಣಕ್ಕೆ ಕಿರುಕುಳದ ಭಯದಿಂದ ದೇಶದ ಗಡಿ ದಾಟಿದವರು ಮಾತ್ರ ನಿರಾಶ್ರಿತರು. ಹೊಳೆ ಬಂತು ಅಂತ ಎರಡೂವರೆ ಕಿಲೋಮೀಟರ್ ಸರಿದವರು ಅದರಲ್ಲಿ ಬರಲ್ಲ. ನಮ್ಮಂಥವರನ್ನು ‘ದೇಶದೊಳಗೇ ಸ್ಥಳಾಂತರಗೊಂಡವರು’ ಅಂತ ಕರೆದು, ವಿಶ್ವಸಂಸ್ಥೆ 1998ರಲ್ಲಿ ಬೇರೆಯದೇ ಮಾರ್ಗಸೂಚಿ ತಂದಿದೆ. ಇನ್ನು ಭಾರತ ಆ 1951ರ ಒಪ್ಪಂದಕ್ಕೆ ಸಹಿಯನ್ನೇ ಹಾಕಿಲ್ಲ. ಅವ್ವನ ಹತ್ತಿರ ವೋಟರ್ ಕಾರ್ಡ್ ಇದೆ. ನನ್ನ ಟೀಮಿನಲ್ಲಿ ಇರುವ ಟಿಬೆಟಿಯನ್ ಹುಡುಗಿಯ ಅಜ್ಜಿಯ ಹತ್ತಿರ ಇರೋದು ವಿದೇಶಿಯರಿಗೆ ಕೊಡುವ ನೋಂದಣಿ ಪತ್ರ. ಅರವತ್ತು ವರ್ಷದ ಹತ್ತಿರ ಕರ್ನಾಟಕದಲ್ಲೇ ಇದ್ದಾರೆ, ಕನ್ನಡದಲ್ಲಿ ಚೌಕಾಸಿ ಮಾಡ್ತಾರೆ, ಆದರೂ.

ಆ ಹುಡುಗಿ ಹುಟ್ಟಿದ್ದು ಮುಂಡಗೋಡದ ಕ್ಯಾಂಪಿನಲ್ಲಿ. ನಾನು ಸೀಟಿಯ ಕಥೆ ಹೇಳಿದಾಗ ನಗಲಿಲ್ಲ. ‘ಒಂದ್ಸಲ ನಮ್ಮ ಮನೆಗೆ ಬಾ, ಬೆಳಿಗ್ಗೆ ಐದಕ್ಕೆ ಎದ್ದರೆ ಒಂದು ತೋರಿಸ್ತೀನಿ’ ಅಂದಳು. ಜೂನ್‌ನಲ್ಲಿ ಒಂದು ವೀಕೆಂಡ್ ಹುಬ್ಬಳ್ಳಿಗೆ ಹೋಗಿ ಅಲ್ಲಿಂದ ಮುಂಡಗೋಡಕ್ಕೆ ಹೋದೆ. 1966ರಲ್ಲಿ ಶುರುವಾದ ವಸಾಹತು ಅದು. ಡ್ರೆಪುಂಗ್, ಗಾಂದೆನ್ ಅಂತ ಟಿಬೆಟ್‌ನಲ್ಲಿದ್ದ ದೊಡ್ಡ ಮಠಗಳ ಹೆಸರಲ್ಲೇ ಇಲ್ಲಿ ಮತ್ತೆ ಮಠ ಕಟ್ಟಿದ್ದಾರೆ. ಊರುಗಳಿಗೆ ಕ್ಯಾಂಪ್ ನಂಬರ್ ಒಂದು, ಎರಡು ಅಂತ ನಂಬರುಗಳು. ನಮ್ಮ ನವಗ್ರಾಮದ ಮನೆಗಳಿಗೂ ನಂಬರ್ ಇವೆ, ನಮ್ಮದು 84.

ಬೆಳಿಗ್ಗೆ ಐದೂವರೆ. ಮಳೆ ಹನಿ. ಒಂದು ಬಿಳೀ ಸ್ತೂಪದ ಸುತ್ತ ಮುದುಕ ಮುದುಕಿಯರು ನಡೆಯುತ್ತಿದ್ದರು. ಒಂದು ಕೈಯಲ್ಲಿ ಜಪಮಣಿ, ಇನ್ನೊಂದು ಕೈಯಲ್ಲಿ ಕೋಲೋ ಪ್ರಾರ್ಥನಾ ಚಕ್ರವೋ. ಬಲಗಡೆಗೆ ಸ್ತೂಪ ಇಟ್ಟುಕೊಂಡು ಸುತ್ತು ಹಾಕುತ್ತಲೇ ಇದ್ದಾರೆ. ಇದಕ್ಕೆ ‘ಕೋರಾ’ ಅಂತಾರೆ, ನಮ್ಮ ಪ್ರದಕ್ಷಿಣೆ ಇದ್ದ ಹಾಗೆ. ಕೆಲವರು ನಿಂತು, ಕೈ ಮುಗಿದು, ಪೂರ್ತಿ ಮೈ ನೆಲಕ್ಕೆ ಚಾಚಿ, ಮತ್ತೆ ಎದ್ದು ನಿಲ್ಲುತ್ತಿದ್ದರು. ಒಂದಲ್ಲ ಎರಡಲ್ಲ, ಲೆಕ್ಕಕ್ಕೇ ಸಿಗದಷ್ಟು ಸಲ. ಜಿಮ್‌ನಲ್ಲಿ ಅದಕ್ಕೆ ‘ಬರ್ಪಿ’ ಅಂತ ಹೆಸರಿಟ್ಟು ದುಡ್ಡು ತಗೋತಾರೆ, ನಾನು ಎಂಟಕ್ಕೇ ಮಲಗಿಬಿಡ್ತೀನಿ. ಗೆಳತಿಯ ಅಜ್ಜಿಗೆ ಎಂಬತ್ತರ ಹತ್ತಿರ. ‘ಅಜ್ಜಿ, ಇದು ವ್ಯಾಯಾಮಾನಾ?’ ಅಂತ ಮೊಮ್ಮಗಳ ಮೂಲಕ ಕೇಳಿಸಿದೆ. ಅಜ್ಜಿ ನನ್ನನ್ನು ಮೇಲೆ ಕೆಳಗೆ ನೋಡಿ, ‘ವ್ಯಾಯಾಮ ಸೈನ್ಯದವರು ಮಾಡೋದು’ ಅಂದರು.

ಸಂಜೆ ಗೆಳತಿ ಇನ್ನೊಂದು ಹೇಳಿದಳು. ‘ಗೋರ್‌ಶೇ’ ಅಂತ ವೃತ್ತದ ಕುಣಿತ, ಟಿಬೆಟಿಯನ್ನರು ಇರುವ ಹಲವು ಊರುಗಳಲ್ಲಿ ಬುಧವಾರ ಎಲ್ಲರೂ ಸೇರಿ ಮಾಡ್ತಾರಂತೆ. ಚಿಕ್ಕವರು, ದೊಡ್ಡವರು, ಹೆಜ್ಜೆ ಬಾರದವರು ಎಲ್ಲರೂ. ವೃತ್ತದಲ್ಲಿ ಮುಂದೆ ನಿಂತವರು, ಹಿಂದೆ ಉಳಿದವರು ಅಂತ ಇರೋದಿಲ್ಲವಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ಅದನ್ನೇ ಯೋಚಿಸ್ತಾ ಇದ್ದೆ. ಅವರು ದೇಶ ಬಿಟ್ಟು ಬರುವಾಗ ತಮ್ಮ ನಡಿಗೆಯನ್ನು ಜೊತೆಗೆ ತಂದರು. ಸ್ತೂಪ ಎಲ್ಲಿ ಕಟ್ಟಿದರೂ ಅದರ ಸುತ್ತ ನಡೆಯಬಹುದು. ನಮ್ಮವರು ಎರಡೂವರೆ ಕಿಲೋಮೀಟರ್ ಬಂದಿದ್ದಕ್ಕೇ ಅದನ್ನು ಕಳಕೊಂಡಿದ್ದಾರೆ. ಹೇಗೆ?

ಈ ಸಲ ಊರಿಗೆ ಹೋದಾಗ ಸೀಟಿ ಇರಲಿಲ್ಲ, ಲ್ಯಾಪ್‌ಟಾಪ್ ತೆಗೆಯಲಿಲ್ಲ. ಸಂಜೆ ನಮ್ಮ ಮನೆ ಮುಂದಿನ ಕಟ್ಟೆಗೆ ಎಲ್ಲರನ್ನೂ ಚಹಾಕ್ಕೆ ಕರೆದೆ. ‘ಹಳೇ ಊರಾಗ ಮುಂಜಾನೆಯಿಂದ ಸಂಜೀ ತನಕ ಎಲ್ಲೆಲ್ಲಿ ಅಡ್ಡಾಡತಿದ್ರಿ?’ ಅಂತ ಒಂದೇ ಪ್ರಶ್ನೆ ಕೇಳಿದೆ. ಎರಡು ತಾಸು ಮಾತು ಮುಗಿಯಲೇ ಇಲ್ಲ. ಒಬ್ಬರು ಸುಣ್ಣದ ಕಡ್ಡಿ ತಗೊಂಡು ಕಟ್ಟೆಯ ಮೇಲೇ ಊರು ಬರೆದರು. ಹೊಳೆಗೆ ಬಟ್ಟೆ ಒಗೆಯಲು ಇಳಿಯುವ ಮೆಟ್ಟಿಲು, ಕೊಡ ಹೊತ್ತು ಏರುವ ದಾರಿ, ಹಿಟ್ಟಿನ ಗಿರಣಿ, ಕುಬಸ ಹೊಲಿಯುವವಳ ಮನೆ, ಹನಮಪ್ಪನ ಗುಡಿ, ಗುಡಿಯ ಹಿಂದೆ ಬೇವಿನ ಮರ, ಪಂಚಮಿಗೆ ಜೋಕಾಲಿ ಕಟ್ಟುವ ಹುಣಸೆ ಮರ. ಪ್ರತಿ ಹೆಜ್ಜೆಗೂ ಒಂದು ಕೆಲಸ ಇತ್ತು, ದಾರಿಯಲ್ಲಿ ಮಾತಾಡೋಕೆ ಒಬ್ಬರು ಇದ್ದರು.

ಹೊಸ ಊರಲ್ಲಿ ನಲ್ಲಿ ಬಾಗಿಲಿಗೇ ಬಂದಿದೆ. ಅದು ಒಳ್ಳೆಯದೇ, ಕೊಡ ಹೊರುವ ಕಷ್ಟವನ್ನು ನಾನು ಹೊಗಳಲ್ಲ. ಬೆಂಗಳೂರಿನಲ್ಲಿ ಕೂತು ಹಳೆಯ ಕಾಲ ಚೆನ್ನಾಗಿತ್ತು ಅನ್ನೋರನ್ನು ಕಂಡರೆ ನನಗೆ ಆಗೋದಿಲ್ಲ. ಆದರೆ ನಲ್ಲಿ ಬಂದ ಮೇಲೆ ಹೊರಗೆ ಹೋಗಲು ಕಾರಣವೇ ಉಳಿಯಲಿಲ್ಲ. ಹೊಲಕ್ಕೆ ಗಂಡಸರು ಬೈಕಿನಲ್ಲಿ ಹೋಗ್ತಾರೆ. ರಸ್ತೆಗಳು ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ ನೇರ, ನೆರಳಿಲ್ಲ. ಆ ತುದಿಯಲ್ಲಿ ಕೂತವರಿಗೆ ಈ ತುದಿಯಲ್ಲಿ ನಡೆಯುವವರು ಕಾಣ್ತಾರೆ. ‘ಬರೇ ಕೈ ಬೀಸಕೋತ ಅಡ್ಡಾಡಿದ್ರ ಎಲ್ಲಿಗೆ ಹೊಂಟೀದಿ ಅಂತ ಮಂದಿ ಕೇಳ್ತಾರ. ಏನ್ ಹೇಳೂದು? ಶುಗರ್ ಇಳಸಾಕ ಹೊಂಟೀನಿ ಅನ್ಲೇನು?’ ಅಂದರು ಒಬ್ಬರು. ಎಲ್ಲರೂ ನಕ್ಕರು. ಅವರ ನಗುವಿನಲ್ಲಿ ನನ್ನ ಆರು ಗಂಟೆ ಅಲಾರಂ ಪ್ಲಾನ್ ಪೂರ್ತಿ ಸತ್ತುಹೋಯಿತು. ಅಂದಹಾಗೆ, ಆರಕ್ಕೆ ನಲ್ಲಿ ನೀರು ಬರೋ ಹೊತ್ತು. ಅದನ್ನಾದರೂ ಕೇಳಬಹುದಿತ್ತು ನಾನು.

ಇನ್ನೂ ಒಂದು ತಪ್ಪು ಅವತ್ತೇ ಗೊತ್ತಾಯಿತು. ನನ್ನ ಪಟ್ಟಿಯಲ್ಲಿದ್ದ ಮೂವರು ದಿನಾ ಕೂಲಿಗೆ ಹೋಗುವವರು. ಉಳ್ಳಾಗಡ್ಡಿ ಕೀಳೋದು, ಮೆಣಸಿನಕಾಯಿ ಬಿಡಿಸೋದು, ಹತ್ತಿ ಬಿಡಿಸೋದು. ದಿನವಿಡೀ ಬಗ್ಗಿದ ಬೆನ್ನಿಗೆ ‘ಇನ್ನೂ ಅರ್ಧ ತಾಸು ನಡಿ’ ಅಂದರೆ ಅದು ಆರೋಗ್ಯ ಅಲ್ಲ, ಶಿಕ್ಷೆ. ಅವರಿಗೆ ಬೇಕಾಗಿದ್ದು ಸೊಂಟ ನೆಟ್ಟಗೆ ಮಾಡಿ ಕೂರಲು ಜಾಗ, ಬೆನ್ನು ಸಡಿಲ ಮಾಡುವ ನಾಲ್ಕು ಚಲನೆ, ಬೇಗ ನಿದ್ದೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಚಟುವಟಿಕೆ, ಅರವತ್ತೈದು ದಾಟಿದವರಿಗೆ ವಾರಕ್ಕೆ ಮೂರು ದಿನ ಸಮತೋಲನದ ಅಭ್ಯಾಸ ಕೂಡ. ಆ ಲೆಕ್ಕದಲ್ಲಿ ದುಡಿಮೆಯ ಚಟುವಟಿಕೆಯೂ ಸೇರುತ್ತೆ. ನಾನು ಅದನ್ನು ನನ್ನ ಕುರ್ಚಿ ಕೆಲಸಕ್ಕೆ ಅಂತ ಓದಿಕೊಂಡು, ಅವರ ಮೇಲೆ ಹೇರಿದ್ದೆ.

ಆಮೇಲಿನ ಪ್ಲಾನ್ ಅವರೇ ಮಾಡಿದ್ದು. ನಾನು ಬರಕೊಂಡೆ ಅಷ್ಟೇ, ಅಲ್ಲಲ್ಲಿ ಜಗಳ ಆಡಿದೆ.

ಹೊತ್ತು: ಸಂಜೆ ದೀಪ ಹಚ್ಚಿದ ಮೇಲೆ, ರೊಟ್ಟಿಗೆ ಕೂರುವ ಮುಂಚೆ. ಜಾಗ: ಸಮುದಾಯ ಭವನದ ಪಡಸಾಲೆ, ಯಾಕಂದರೆ ಅಲ್ಲಿ ಲೈಟ್ ಇದೆ, ಮತ್ತೆ ಮೂರು ಕಡೆ ಗೋಡೆ ಇದೆ. ಫೋಟೋ ತೆಗೆಯಬಾರದು. ತೂಕ ನೋಡಬಾರದು. ಮೊಮ್ಮಕ್ಕಳನ್ನು ಕರಕೊಂಡು ಬರಬಹುದು. ಗಂಡಸರು ನೋಡ್ತಾ ನಿಲ್ಲಬಾರದು. ಇದನ್ನು ಹೇಳಿದ್ದು ಊರಿನ ಒಬ್ಬ ಹಿರಿಯರ ಹೆಂಡತಿ, ಆದ್ದರಿಂದ ಇವತ್ತಿನವರೆಗೂ ಯಾರೂ ನಿಂತಿಲ್ಲ.

ಮಾಡೋದು ಏನು? ಪಂಚಮಿಗೆ ಆಡುವ ಫುಗಡಿ ಯಾರೋ ನೆನಪಿಸಿದರು. ಇಬ್ಬರು ಕೈ ಕೈ ಹಿಡಿದು ಹಿಂದಕ್ಕೆ ವಾಲಿ ಗಿರಗಿರ ತಿರುಗೋದು. ಮೊಣಕಾಲು, ತಲೆಸುತ್ತು ಇರೋರಿಗೆ ಅದು ಅಪಾಯ ಅಂತ ನಾನು ಬೇಡ ಅಂದೆ. ಅವರೇ ಒಂದು ದಾರಿ ಹುಡುಕಿದರು. ನಾಲ್ಕು ಜನ ಕೈ ಹಿಡಿದು, ತಿರುಗದೆ, ಒಂದೊಂದು ಹೆಜ್ಜೆ ಪಕ್ಕಕ್ಕೆ ಇಡ್ತಾ ಸುತ್ತು ಬರೋದು, ಬಾಯಲ್ಲಿ ಹಾಡು. ಹಾಡು ಹಾಡಲು ಉಸಿರು ಸಾಲದಿದ್ದರೆ ನಿಧಾನ ಮಾಡಬೇಕು. ಇದು ನನಗೆ ಬಹಳ ಇಷ್ಟವಾಯಿತು. ವ್ಯಾಯಾಮದ ಪುಸ್ತಕಗಳಲ್ಲಿ ಇದಕ್ಕೆ ‘ಟಾಕ್ ಟೆಸ್ಟ್’ ಅಂತಾರೆ: ಮಾತಾಡೋಕೆ ಆಗಬೇಕು, ಹಾಡೋಕೆ ಆಗಬಾರದು, ಅದು ಮಧ್ಯಮ ವೇಗ. ನಮ್ಮವರು ಹಾಡೋಕೂ ಆಗುವ ವೇಗದಿಂದ ಶುರು ಮಾಡಿದರು. ಆಮೇಲೆ ಕಟ್ಟೆಯ ಮೇಲೆ ಕೂತು, ಕೈ ಊರದೆ ಏಳೋದು, ಮತ್ತೆ ಕೂರೋದು. ಇದು ತೊಡೆಗೆ, ಬೀಳದೆ ಇರೋಕೆ ಒಳ್ಳೆಯದು ಅಂತ ನಾನು ಸೇರಿಸಿದ್ದು. ಅವರು ಅದಕ್ಕೆ ‘ಬೀಗರು ಬಂದ್ರು’ ಅಂತ ಹೆಸರಿಟ್ಟಿದ್ದಾರೆ. ಯಾರೋ ಒಬ್ಬರು ‘ಬೀಗರು ಬಂದ್ರು!’ ಅಂದರೆ ಎಲ್ಲರೂ ಎದ್ದು ನಿಲ್ಲಬೇಕು. ಹತ್ತು ಸಲ ಬಂದು ಹೋಗ್ತಾರೆ ಬೀಗರು. ಕೂಲಿಗೆ ಹೋಗುವವರು ಗೋಡೆಗೆ ಬೆನ್ನು ಕೊಟ್ಟು ಕೂತು, ಬೀಸುವ ಕಲ್ಲು ತಿರುಗಿಸಿದ ಹಾಗೆ ನಿಧಾನಕ್ಕೆ ತೋಳು, ಬೆನ್ನು ತಿರುಗಿಸ್ತಾರೆ, ಅಷ್ಟೇ.

ಮತ್ತೆ ಶನಿವಾರ. ಹನಮಪ್ಪ ಹೊಸ ಊರಿಗೆ ಬಂದಿಲ್ಲ. ಗುಡಿ ಹಳೇ ಊರಲ್ಲೇ ಇದೆ, ನೀರು ಕುತ್ತಿಗೆವರೆಗೆ ಬಂದು ಹೋದ ಗುರುತು ಗೋಡೆ ಮೇಲೆ ಇದೆ. ಶನಿವಾರ ಮುಂಜಾನೆ ನಡೆದುಕೊಂಡೇ ಅಲ್ಲಿಗೆ ಹೋಗಿ ಎಣ್ಣೆ ಹಾಕಿ ಬರೋದು ಅಂತ ಅವ್ವ ಹೇಳಿದಳು. ಹೋಗಿ ಬಂದರೆ ಐದು ಕಿಲೋಮೀಟರ್. ‘ಎಲ್ಲಿಗೆ ಹೊಂಟೀರಿ’ ಅಂತ ಯಾರಾದರೂ ಕೇಳಿದರೆ ಹೇಳೋಕೆ ಉತ್ತರ ಇದೆ.

ಜಗಳ ಆಗಿದ್ದು ಚಪ್ಪಲಿಗೆ. ಗುಡಿಗೆ ಹೋಗೋದು ಬರಿಗಾಲಲ್ಲೇ ಅಂತ ಅವರು. ಶುಗರ್ ಇರುವವರ ಪಾದಕ್ಕೆ ಸ್ಪರ್ಶ ಕಡಿಮೆಯಾಗಿರುತ್ತೆ, ಜಾಲಿ ಮುಳ್ಳು ಚುಚ್ಚಿದರೂ ಗೊತ್ತಾಗಲ್ಲ, ಗಾಯ ಮಾಯೋದಿಲ್ಲ, ಕೊನೆಗೆ ಬೆರಳೇ ತೆಗೀಬೇಕಾಗಬಹುದು ಅಂತ ನಾನು. ಅವರು ಹೇಳಿದ್ದಕ್ಕೆಲ್ಲ ಹೂಂ ಅನ್ನೋದೇ ಅವರ ಜೊತೆ ಕೂತು ಪ್ಲಾನ್ ಮಾಡೋದು ಅಂತ ನಾನು ಒಪ್ಪಲ್ಲ, ನನಗೆ ಗೊತ್ತಿರೋದನ್ನು ನಾನೂ ಹೇಳಬೇಕು. ಎರಡು ಸಂಜೆ ವಾದ ನಡೀತು. ಆಶಾ ಕಾರ್ಯಕರ್ತೆ ಬಂದು ಒಬ್ಬೊಬ್ಬರ ಪಾದ ನೋಡಿದರು. ಇಬ್ಬರ ಹಿಮ್ಮಡಿಯಲ್ಲಿ ಅವರಿಗೇ ಗೊತ್ತಿರದ ಗಾಯ ಸಿಕ್ಕಿತು. ಕೊನೆಗೆ ಠರಾವು: ಗುಡಿಯ ಕಟ್ಟೆವರೆಗೆ ಚಪ್ಪಲಿ, ಆಮೇಲೆ ಬರಿಗಾಲು. ಶುಗರ್ ಗುಳಿಗೆ ತಗೊಳ್ಳುವವರು ಏನಾದರೂ ತಿಂದೇ ಹೊರಡಬೇಕು, ಸೆರಗಿನ ತುದಿಗೆ ಬೆಲ್ಲದ ಚೂರು ಕಟ್ಟಿಕೊಂಡಿರಬೇಕು, ಕೈ ನಡುಗಿದರೆ, ಕಣ್ಣು ಕತ್ತಲೆ ಬಂದರೆ ಬಾಯಿಗೆ ಹಾಕಿಕೊಳ್ಳಬೇಕು. ವಾಪಸ್ ಬಂದ ಮೇಲೆ ಒಬ್ಬರ ಪಾದ ಇನ್ನೊಬ್ಬರು ನೋಡಬೇಕು. ಇದನ್ನು ಅತ್ತೆ ಸೊಸೆ ಇಬ್ಬರೂ ಮಾಡ್ತಿರೋ ಒಂದು ಮನೆ ಇದೆ, ಅವರಿಬ್ಬರೂ ಅದಕ್ಕೆ ಮುಂಚೆ ಮಾತೇ ಆಡ್ತಿರಲಿಲ್ಲ ಅಂತ ಅವ್ವ ಹೇಳ್ತಾಳೆ. ಅವ್ವನ ಮಾತಿನಲ್ಲಿ ಉಪ್ಪು ಖಾರ ಸ್ವಲ್ಪ ಜಾಸ್ತಿ ಇರುತ್ತೆ, ನೋಡಿಕೊಂಡು ನಂಬಿ.

ಸೀಟಿ ಕೇಳಿ ಮನೆಗೆ ಹೋದ ಆ ದೊಡ್ಡಮ್ಮ ಸಂಜೆ ಪಡಸಾಲೆಗೆ ಬರ್ತಾರೆ, ಶನಿವಾರ ಬರೋದಿಲ್ಲ. ‘ಆ ಕಡೆ ನಾ ಬರಾಂಗಿಲ್ಲ’ ಅಂದರು. ಯಾಕೆ ಅಂತ ನಾನು ಕೇಳಲಿಲ್ಲ, ಯಾರೂ ಕೇಳಲಿಲ್ಲ. ಉಳಿದವರು ಹಳೇ ಊರಿಗೆ ಹೊರಟಾಗ ಅವರು ಶಾಲೆಯ ಕಡೆ, ಅಂದರೆ ಹೊಳೆಗೆ ಬೆನ್ನು ಹಾಕಿ, ಒಬ್ಬರೇ ನಡೆದು ಬರ್ತಾರೆ. ಹೋದ ತಿಂಗಳಿಂದ ಒಬ್ಬ ಮೊಮ್ಮಗಳು ಜೊತೆಗೆ ಹೋಗ್ತಿದ್ದಾಳೆ.

ಎಲ್ಲಾ ಸರಿಹೋಗಿದೆ ಅಂತ ತಿಳ್ಕೋಬೇಡಿ. ಹನ್ನೊಂದರಲ್ಲಿ ಖಾಯಂ ಬರೋರು ಆರು. ಹೊಸದಾಗಿ ನಾಲ್ಕು ಜನ ಸೇರಿದ್ದಾರೆ. ಬಿತ್ತನೆ, ಕಡಲೆ ಸುಗ್ಗಿ ಇದ್ದಾಗ ವಾರಗಟ್ಟಲೆ ಪಡಸಾಲೆ ಖಾಲಿ. ಮಳೆ ಬಂದರೆ ಎರೆಮಣ್ಣಿನ ದಾರಿ ಚಪ್ಪಲಿಯನ್ನೇ ನುಂಗಿಬಿಡುತ್ತೆ, ಜುಲೈ ಆಗಸ್ಟ್‌ನಲ್ಲಿ ಹಳೇ ಊರಿಗೆ ಹೋಗೋದೇ ಬೇಡ ಅಂತ ಅವರೇ ನಿಲ್ಲಿಸ್ತಾರೆ. ನವಿಲುತೀರ್ಥದ ಸುದ್ದಿ ಟಿವಿಯಲ್ಲಿ ಬಂದ ದಿನ ಯಾರೂ ಎಲ್ಲಿಗೂ ಹೋಗಲ್ಲ, ಎಲ್ಲರೂ ಒಂದೇ ಮನೆಯಲ್ಲಿ ಕೂತು ಟಿವಿ ನೋಡ್ತಾರೆ. ಗಜೇಂದ್ರಗಡದ ಮಾವನಿಗೆ ಈ ಕಥೆ ಹೇಳಿದೆ, ಅವನಿಗೂ ಬಿಪಿ. ‘ನಮ್ಮಲ್ಲಿ ಕಾಲಕಾಲೇಶ್ವರನ ಮೆಟ್ಟಲಾ ಅದಾವಲ್ಲ, ಸಾಕು’ ಅಂದ. ಮೆಟ್ಟಿಲು ಹತ್ತುತ್ತಾನಾ ಅಂತ ಅತ್ತೆಯನ್ನು ಕೇಳಿದರೆ ವರ್ಷಕ್ಕೆ ಒಂದು ಸಲವಂತೆ.

ಅವ್ವನ ಎಚ್‌ಬಿಎ1ಸಿ ಈಗ 8.0. ಗುಳಿಗೆಯೂ ಬದಲಾಗಿದೆ, ಚಹಾಕ್ಕೆ ಸಕ್ಕರೆಯೂ ಕಡಿಮೆಯಾಗಿದೆ, ಆದ್ದರಿಂದ ಇದು ನಡಿಗೆಯಿಂದಲೇ ಆಯಿತು ಅಂತ ನಾನು ಹೇಳೋದಿಲ್ಲ. ಡಾಕ್ಟರ್ 7ರ ಹತ್ತಿರ ಬರಬೇಕು ಅಂದಿದ್ದಾರೆ.

ಹೋದ ಶುಕ್ರವಾರ ರಾತ್ರಿ ಫೋನ್ ಮಾಡಿ, ನಾಳೆ ಬೆಳಿಗ್ಗೆ ವಿಡಿಯೋ ಕಾಲ್ ಮಾಡ್ತೀನಿ, ಒಂದು ಹುಡುಗನ ಫೋಟೋ ಕಳಿಸಿದ್ದಾರಲ್ಲ ಅದರ ಬಗ್ಗೆ ಮಾತಾಡೋಣ ಅಂದೆ. ಆ ವಿಷಯ ಎತ್ತಿದರೆ ಸಾಕು, ಅವ್ವ ಮಧ್ಯರಾತ್ರಿಯಲ್ಲೂ ಎದ್ದು ಕೂರೋಳು.

‘ನಾಳೆ ಬ್ಯಾಡ,’ ಅಂದಳು. ‘ಶನಿವಾರ ನಾ ಇರಾಂಗಿಲ್ಲ. ರವಿವಾರ ಮಾಡು.’